ಕಾಯಿಲೆ ಕಾಲದಲ್ಲೂ ಕೈಕಾಲು ಆಡುತ್ತಿರಲಿ

(ಬೆಳ್ಳಿಹಬ್ಬದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನಗಳಲ್ಲಿ ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ, ಕಟ್ಟಡದ ಲೆಕ್ಕ ಎಲ್ಲವನ್ನೂ ತಾವು ಕೇಳಿದ್ದೀರಿ. ಅದೆಲ್ಲ ಹೇಳಬೇಕಾದದ್ದೇ. ನಮಗೆ ಮಾತ್ರ ಆರೋಗ್ಯದ ವಿಚಾರವಾಗಿ ನಾಲ್ಕು ಮಾತು ಆಡಿ ಅಂತ ಅಪ್ಪಣೆಯಾಗಿದೆ. ನಾವು ಡಾಕ್ಟರಲ್ಲ. ಎಸ್‌ಎಸ್‌ಎಲ್‌ಸಿವರೆಗೆ ಓದಿ ಮಣ್ಣಿಗೆ ಇಳಿದವರು. ಆದರೂ ಈ ಇಪ್ಪತ್ತೈದು ವರ್ಷದಲ್ಲಿ ಸಂಘಕ್ಕೂ ಊರಿಗೂ ಬಂದ ದೊಡ್ಡ ಪರೀಕ್ಷೆ ಕೊರೋನಾ ಕಾಲ. ಆ ಕಾಲದಲ್ಲಿ ಕಣ್ಣಾರೆ ಕಂಡದ್ದು, ಆಮೇಲೆ ತಿಳಿದವರಿಂದ ಕೇಳಿ, ಓದಿ ತಿಳಿದದ್ದು, ಇವೆರಡನ್ನೂ ಸೇರಿಸಿ ತಮ್ಮ ಮುಂದೆ ಇಡುತ್ತೇವೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹಬ್ಬಿದ ಸಾಂಕ್ರಾಮಿಕ ಅಂತ ಸಾರಿತು. ಅದಕ್ಕೆ ಹಿಂದಿನ ದಿನವೇ ನಮ್ಮ ಕಲಬುರಗಿಯಲ್ಲಿ ದೇಶದ ಮೊದಲ ಕೊರೋನಾ ಸಾವು ಆಗಿತ್ತು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಬಸ್ಸು ನಿಂತವು, ಸಂತೆ ನಿಂತಿತು, ಜಾತ್ರೆ ನಿಂತಿತು. ಆದರೆ ಲಾಕ್‌ಡೌನ್ ಅಂತ ಹಸು ಹಾಲು ಕೊಡೋದನ್ನ ನಿಲ್ಲಿಸುತ್ತದೆಯೇ? ಹಾಲಿಗೆ ಮೊದಲಿನಿಂದಲೇ ವಿನಾಯಿತಿ ಇತ್ತು. ಎರಡು ಮೂರು ದಿನದಲ್ಲಿ ಹೊಲದ ಕೆಲಸಕ್ಕೂ ವಿನಾಯಿತಿ ಸಿಕ್ಕಿತು. ನಮ್ಮ ಕಾರ್ಯದರ್ಶಿಗಳು ಸಂಘದ ಹಿಂದಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಆರಡಿಗೊಂದು ಗುರುತು ಹಾಕಿಸಿದರು. ಒಂದು ದಿನವೂ ಡೇರಿ ಬಾಗಿಲು ಹಾಕಲಿಲ್ಲ, ಬಟವಾಡೆ ತಪ್ಪಲಿಲ್ಲ. ಇದು ಈ ಸಂಘದ ಹೆಮ್ಮೆ.

2021ರಲ್ಲಿ ಎರಡನೇ ಅಲೆ ಬಂತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಮತ್ತೆ ಬಂದ್. ಈ ಸಲ ಕಾಯಿಲೆ ಪಟ್ಟಣದಲ್ಲಿ ನಿಲ್ಲಲಿಲ್ಲ, ಹಳ್ಳಿ ಹಳ್ಳಿಗೂ ನುಗ್ಗಿತು. ನಮ್ಮೂರೂ ನೋವು ಕಂಡಿತು. ಹೋದವರ ಮನೆಯವರು ಈ ಸಭೆಯಲ್ಲೇ ಕೂತಿದ್ದಾರೆ, ಅದನ್ನು ಮತ್ತೆ ಕೆದಕುವುದಿಲ್ಲ. ನಾವು ಹೇಳಹೊರಟಿರುವುದು ಬೇರೆ ಒಂದು ನಷ್ಟದ ಮಾತು. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರು. ಆಗ ಅರವತ್ತೆಂಟು ವರ್ಷ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಅರ್ಧ ಮೈಲಿ ನಡೆದು ಹಾಲು ಹಾಕಿ ಹೋಗುತ್ತಿದ್ದರು. ಎರಡನೇ ಅಲೆ ಬಂದಾಗ ಮಗನಿಗೆ ಭಯವಾಯಿತು. "ಅಪ್ಪಾ, ನೀನು ಹೊಸಲು ದಾಟಬೇಡ" ಅಂತ ಟಿ.ವಿ. ಮುಂದೆ ಕುರ್ಚಿ ಹಾಕಿ ಕೂರಿಸಿದ. ಅವನದು ಪ್ರೀತಿಯೇ, ತಪ್ಪು ಅನ್ನಲಾಗದು. ಮೂರು ತಿಂಗಳು ಯಜಮಾನರು ಕೂತರು. ಕೊರೋನಾ ಅವರ ಹತ್ತಿರ ಸುಳಿಯಲಿಲ್ಲ. ಆದರೆ ಸಕ್ಕರೆ ಕಾಯಿಲೆ ಏರಿತು, ಮಂಡಿ ಹಿಡಿದುಕೊಂಡಿತು, ಗೋಡೆ ಹಿಡಿಯದೆ ಏಳೋದಕ್ಕೆ ಆಗದಂತಾಯಿತು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಡೇರಿಗೆ ಬರಲೇ ಇಲ್ಲ. ಇಂಥವರು ನಮ್ಮೂರಲ್ಲಿ ಒಬ್ಬರೇ ಅಲ್ಲ ಅನ್ನೋದು ತಮಗೆಲ್ಲ ಗೊತ್ತು.

ಅದೇ ಬೀದಿಯ ಕೊನೆ ಮನೆಯಲ್ಲಿ ಒಬ್ಬರು ಅಜ್ಜಿ. ಅವರನ್ನೂ ಹೊರಗೆ ಬಿಡಲಿಲ್ಲ. ಆಯಮ್ಮ ಮಾತ್ರ ದಿನವೂ ಹಿತ್ತಲಲ್ಲಿ ಸುತ್ತು ಹಾಕುತ್ತಿದ್ದರು. ಲೆಕ್ಕ ತಪ್ಪಬಾರದು ಅಂತ ಹುಣಸೆ ಬೀಜ ಇಟ್ಟುಕೊಂಡು, ಒಂದು ಸುತ್ತಿಗೆ ಒಂದು ಬೀಜ ಆ ಕಲ್ಲಿನಿಂದ ಈ ಕಲ್ಲಿಗೆ. ಬೆಳಿಗ್ಗೆ ಐವತ್ತು ಬೀಜ, ಸಂಜೆ ಐವತ್ತು ಬೀಜ. ಇವತ್ತಿಗೂ ಆಯಮ್ಮ ತಾವೇ ಹುಲ್ಲು ಹಾಕಿ ಹಸು ಕರೆಯುತ್ತಾರೆ.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ಗಾದೆ. ಹಣಕ್ಕೆ ಹೇಳಿದ ಈ ಗಾದೆ ಮೈಗೂ ಸಲ್ಲುತ್ತದೆ. 2007ರಲ್ಲಿ ಅಮೆರಿಕದ ವೈದ್ಯರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಅರವತ್ತು ದಾಟಿದ, ಯಾವ ಕಾಯಿಲೆಯೂ ಇಲ್ಲದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಹತ್ತೇ ದಿನಕ್ಕೆ ಅವರ ಕಾಲುಗಳ ಮಾಂಸಖಂಡ ಹತ್ತಿರ ಹತ್ತಿರ 1 ಕೆ.ಜಿ. ಇಳಿದಿತ್ತು. ಹತ್ತು ದಿನಕ್ಕೇ ಹೀಗಾದರೆ ಮೂರು ತಿಂಗಳಿಗೆ ಎಷ್ಟಾದೀತು, ತಾವೇ ಯೋಚಿಸಿ.

ಇನ್ನೊಂದು ಹಳೇ ಸಂಗತಿ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಅನ್ನೋ ವೈದ್ಯರು ಬಸ್ಸಿನ ಡ್ರೈವರು ಮತ್ತು ಕಂಡಕ್ಟರುಗಳ ಹೃದಯದ ಕಾಯಿಲೆ ಲೆಕ್ಕ ತೆಗೆದು 1953ರಲ್ಲಿ ಪ್ರಕಟಿಸಿದರು. ಅಲ್ಲಿ ಎರಡು ಅಂತಸ್ತಿನ ಬಸ್ಸು. ಡ್ರೈವರು ದಿನವಿಡೀ ಕೂತಿರುತ್ತಾನೆ, ಕಂಡಕ್ಟರು ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಒಂದೇ ಬಸ್ಸು, ಒಂದೇ ಊರು. ಆದರೂ ಹೃದಯದ ಕಾಯಿಲೆ ಡ್ರೈವರುಗಳಿಗೇ ಹೆಚ್ಚು ಬರುತ್ತಿತ್ತು.

ಇಲ್ಲಿ ಯಾರಾದರೂ ಕೇಳಬಹುದು, "ನಾವು ರೈತರು ಕಣಯ್ಯಾ, ನಮಗೆ ಎಂಥ ವ್ಯಾಯಾಮ?" ನಮ್ಮ ಅಪ್ಪಂದಿರ ಕಾಲಕ್ಕೆ ಈ ಪ್ರಶ್ನೆ ಸರಿ. ಈಗ ಉಳುಮೆಗೆ ಟ್ರ್ಯಾಕ್ಟರು, ಮೇವು ಕತ್ತರಿಸಲು ಮಿಷನ್ನು, ಹಾಲು ಕರೆಯಲೂ ಮಿಷನ್ನು. ಬೋರ್‌ವೆಲ್ ಮೋಟಾರು ಮನೆಯಲ್ಲಿ ಮಲಗಿಕೊಂಡೇ ಮೊಬೈಲಿನಿಂದ ಆನ್ ಆಗುತ್ತದೆ. ಡೇರಿಗೆ ಅರ್ಧ ಮೈಲಿ ಬರಲು ಮೋಟಾರ್ ಸೈಕಲ್ಲು. ನಾಟಿ, ಕುಯಿಲು ಬಂದಾಗ ಮೂರು ವಾರ ಮೈ ಮುರಿಯುವಷ್ಟು ದುಡಿಮೆ, ಆಮೇಲೆ ಅರಳಿಕಟ್ಟೆ. ಹೊಲದಲ್ಲಿ ನಿಜವಾಗಿ ದುಡಿಯುವವನಿಗೆ ಬೇರೆ ವ್ಯಾಯಾಮ ಬೇಡ ಅನ್ನೋದು ಒಪ್ಪತಕ್ಕ ಮಾತು. ಆದರೆ ದುಡಿಯುತ್ತಿದ್ದೇವೆಯೇ, ದುಡಿಸುತ್ತಿದ್ದೇವೆಯೇ ಅಂತ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಎಷ್ಟು ಮಾಡಿದರೆ ಸಾಕು? ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ನಡುವೆಯೇ, 2020ರ ನವೆಂಬರ್‌ನಲ್ಲಿ, ಇದಕ್ಕೊಂದು ಅಳತೆ ಕೊಟ್ಟಿತು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ. ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಕ್ಕೆ ಬಲ ಕೊಡುವ ಕೆಲಸ. 65 ದಾಟಿದವರಿಗೆ ಬೀಳದಂತೆ ಸಮತೋಲ ಕಾಯುವ ಅಭ್ಯಾಸ ವಾರಕ್ಕೆ ಮೂರು ದಿನ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಟ, ಆಟ.

ಈ ಲೆಕ್ಕವನ್ನ ನಮ್ಮ ಡೇರಿ ಲೆಕ್ಕಕ್ಕೆ ತಾಳೆ ನೋಡೋಣ. ಮನೆಯಿಂದ ಸಂಘಕ್ಕೆ ಅರ್ಧ ಮೈಲಿ. ಹೋಗಿ ಬಂದರೆ ಒಂದು ಮೈಲಿ, ಚುರುಕಾಗಿ ನಡೆದರೆ 20 ನಿಮಿಷ. ಎರಡು ಹೊತ್ತಿಗೆ 40 ನಿಮಿಷ. ಏಳು ದಿನಕ್ಕೆ 280 ನಿಮಿಷ. ನೋಡಿ, ಹಾಲು ಹಾಕಿ ನಡೆದು ಬಂದವನಿಗೆ ದೊಡ್ಡ ಸಂಸ್ಥೆ ಹೇಳಿದ ನಡಿಗೆ ತಾನಾಗಿಯೇ ತುಂಬಿತು! ಆ ಯಜಮಾನರಿಂದ ಮೂರು ತಿಂಗಳು ವಾರವಾರವೂ ಕೈತಪ್ಪಿದ್ದು ಇದೇ 280 ನಿಮಿಷ.

ಹಾಗಾದರೆ ಸಾಂಕ್ರಾಮಿಕ ಬಂದಾಗ ಹೊರಗೆ ಹೋಗಬಹುದೇ? ಸರ್ಕಾರದ ಕಟ್ಟಳೆ ಏನಿದೆಯೋ ಅದನ್ನ ಪಾಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ತಿಳಿದಿರಲಿ. ಉಸಿರಿನಿಂದ ಹರಡುವ ಈ ಕಾಯಿಲೆ ಗಾಳಿಯಾಡದ, ಜನ ತುಂಬಿದ ಕೋಣೆಯಲ್ಲಿ ಹರಡಿದಷ್ಟು ಸುಲಭವಾಗಿ ಬಯಲಲ್ಲಿ ಹರಡುವುದಿಲ್ಲ. ತನ್ನ ಹೊಲದ ಬದುವಿನ ಮೇಲೆ ಒಬ್ಬನೇ ನಡೆಯುವವನಿಗಿಂತ ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಕೂತು ಇಸ್ಪೀಟು ಆಡುವವರಿಗೆ ಅಪಾಯ ಹೆಚ್ಚು. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ನಮ್ಮ ಹಿರೀಕರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಅದು ಇಲಿ, ಚಿಗಟದಿಂದ ಬಂದ ಕಾಯಿಲೆ, ಕಾರಣ ಬೇರೆ. ಆದರೂ ಕಷ್ಟಕಾಲಕ್ಕೆ ಬಯಲು ಆಸರೆ ಅನ್ನೋದು ನಮಗೆ ಹೊಸ ಪಾಠವಲ್ಲ.

ಮನೆಯಲ್ಲೇ ಇರಬೇಕಾಗಿ ಬಂದರೂ ಕೈಕಟ್ಟಿ ಕೂರಬೇಕಾಗಿಲ್ಲ. ಗರಡಿ ಮನೆಯ ದಂಡ, ಬಸ್ಕಿ ನಮ್ಮದೇ ಸೊತ್ತು. ವಯಸ್ಸಾದವರು ಪೂರ್ತಿ ಬಸ್ಕಿ ಹೊಡೆಯೋದು ಬೇಡ. ಗಟ್ಟಿಯಾದ ಕುರ್ಚಿಯಲ್ಲಿ ಕೂತು, ಕೈ ಊರದೆ ಹತ್ತು ಸಲ ಎದ್ದು ಕೂತರೆ ತೊಡೆಗೆ ಬಲ. ಗೋಡೆಗೆ ಎರಡೂ ಕೈ ಕೊಟ್ಟು ಮುಂದೆ ಬಾಗಿ ಹಿಂದೆ ತಳ್ಳಿದರೆ ಅದೇ ದಂಡ. ಪಡಸಾಲೆಯ ಕಂಬ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಒಂಟಿಕಾಲಲ್ಲಿ ಹತ್ತು ಎಣಿಸುವುದು, ಇದು ಬೀಳದಿರಲು. ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು ಉಸಿರಿಗೆ. ಗೊತ್ತಿದ್ದವರು ಸೂರ್ಯನಮಸ್ಕಾರ ಮಾಡಲಿ. ಮಕ್ಕಳ ಕೈಯಿಂದ ಮೊಬೈಲು ಬಿಡಿಸಿ ಅಂಗಳದಲ್ಲಿ ಕುಂಟೆಬಿಲ್ಲೆ ಗೆರೆ ಎಳೆದುಕೊಡಿ, ಹಗ್ಗ ಕೊಟ್ಟು ಜಿಗಿಸಿ.

ತಾಯಂದಿರಿಗೆ ಒಂದು ಮಾತು. ಕೊಟ್ಟಿಗೆ, ಅಡಿಗೆ, ನೀರು, ಮೇವು ಎಲ್ಲ ತಮ್ಮ ಮೇಲೇ ಇರುವಾಗ ವ್ಯಾಯಾಮ ಮಾಡಿ ಅಂತ ಹೇಳೋಕೆ ನಮಗೆ ಬಾಯಿ ಬರುವುದಿಲ್ಲ. ಲಾಕ್‌ಡೌನಿನಲ್ಲಿ ಮನೆ ತುಂಬ ಜನ ಸೇರಿ ತಮ್ಮ ಕೆಲಸ ಇಮ್ಮಡಿಯಾಯಿತು. ಗಂಡಸರೇ, ತಮಗೆ ವ್ಯಾಯಾಮ ಬೇಕಾದರೆ ಸಗಣಿ ಬಾಚಿ, ನೀರು ಹೊರಿ. ನಿಮಗೆ ಬೆವರು, ಅವರಿಗೆ ಬಿಡುವು. ಊರೂರು ಸುತ್ತಿ ಮನೆಮನೆ ಬಾಗಿಲು ತಟ್ಟಿದ ಆಶಾ ಕಾರ್ಯಕರ್ತೆಯರನ್ನೂ ಈ ಹೊತ್ತು ನೆನೆಯಬೇಕು. ನಾವು ಒಳಗೆ ಕೂತ ಕಾಲಕ್ಕೆ ಅವರು ನಡೆದರು.

ಬೆಂಗಳೂರಿನಿಂದ ಮರಳಿದ ಹುಡುಗರ ಸಂಗತಿಯೂ ಹೇಳಬೇಕು. 2020ರಲ್ಲಿ ಕೆಲಸ ಕಳಕೊಂಡು ಬಂದವರಲ್ಲಿ ಕೆಲವರು ದಿನಕ್ಕೆ 275 ರೂಪಾಯಿಯ ನರೇಗಾ ಕೂಲಿಗೆ ಕೆರೆ ಹೂಳೆತ್ತಲು ಹೋದರು. ಮೊದಲ ವಾರ ಅಂಗೈ ಬೊಬ್ಬೆ, ಎರಡನೇ ವಾರ ಹೊಟ್ಟೆ ತುಂಬ ಊಟ, ಮೂರನೇ ವಾರ ಕಣ್ತುಂಬ ನಿದ್ದೆ. ಚಿಂತೆ ಹೊತ್ತು ಬಂದವರಿಗೆ ಗುದ್ದಲಿಯೇ ಸಮಾಧಾನ ಹೇಳಿತು.

ಇನ್ನು ಎಚ್ಚರಿಕೆಯ ಮಾತು. ಜ್ವರ ಇರುವಾಗ ವ್ಯಾಯಾಮ ಕೂಡದು, ವಿಶ್ರಾಂತಿಯೇ ಮದ್ದು. ನಮ್ಮ ಸಂಬಂಧಿ ಯುವಕನೊಬ್ಬ ಕೊರೋನಾ ಜ್ವರ ಬಿಟ್ಟ ಮೂರನೇ ದಿನಕ್ಕೇ ಹಿಂಡಿ ಮೂಟೆ ಹೊರಲು ಹೋಗಿ ಏದುಸಿರು ಬಿಟ್ಟು ಕುಸಿದ. ತಿಂಗಳು ಬೇಕಾಯಿತು ಸುಧಾರಿಸಲು. ಇಂಥ ಕಾಯಿಲೆಯಿಂದ ಎದ್ದವರು ಮೊದಲು ಅಂಗಳ, ಆಮೇಲೆ ಬೀದಿ, ಆಮೇಲೆ ಹೊಲ ಅಂತ ಹಂತ ಹಂತವಾಗಿ ಹೆಚ್ಚಿಸಬೇಕು. ಇವತ್ತು ನಡೆದದ್ದಕ್ಕೆ ನಾಳೆ ಮೇಲೇಳಲಾಗದಷ್ಟು ಸುಸ್ತಾದರೆ ಅಷ್ಟು ಮಾಡಬಾರದಿತ್ತು ಅಂತ ತಿಳಿಯಿರಿ. ಎದೆ ನೋವು, ತಲೆ ಸುತ್ತು, ಎದೆ ಬಡಿತ ಏರುಪೇರು ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ನಡೆಯಿರಿ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಆಮ್ಲಜನಕ 94ಕ್ಕಿಂತ ಇಳಿದವರಿಗೆ ಬೋರಲು ಮಲಗುವ ಕ್ರಮ ತಿಳಿಸಿತು. ಉಂಡ ಒಂದು ಗಂಟೆಯೊಳಗೆ ಬೇಡ, ಗರ್ಭಿಣಿಯರು ಬೇಡ, ಹೃದಯದ ದೊಡ್ಡ ತೊಂದರೆ ಇದ್ದವರು ಬೇಡ ಅಂತಲೂ ಹೇಳಿತು. ಅದು ಡಾಕ್ಟರು ಸಿಗುವ ತನಕದ ಆಸರೆ, ಆಸ್ಪತ್ರೆಗೆ ಬದಲಿ ಅಲ್ಲ.

ಕೊನೆಗೆ ಸಂಘಕ್ಕೆ ಸಂಬಂಧಪಟ್ಟ ವಿಚಾರ. ಕಟ್ಟಡದ ಹಿಂದೆ ನಮ್ಮದೇ ಎಂಟು ಗುಂಟೆ ಬಯಲಿದೆ. ಅಲ್ಲಿ ಪೂರ್ತಿ ಮಳಿಗೆ ಕಟ್ಟಿ ಬಾಡಿಗೆಗೆ ಬಿಡೋಣ ಅನ್ನೋ ಸೂಚನೆ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಸೂಚನೆ ತಂದವರ ಉದ್ದೇಶ ಒಳ್ಳೆಯದೇ, ಸಂಘಕ್ಕೆ ವರಮಾನ ಬೇಕು. ಆದರೆ 2020ರಲ್ಲಿ ಸುಣ್ಣದ ಗುರುತು ಹಾಕಿದ್ದು ಎಲ್ಲಿ? ಆ ಬಯಲಲ್ಲೇ. ಆ ಜಾಗ ಇಲ್ಲದಿದ್ದರೆ ಜನರನ್ನ ಆರಡಿ ದೂರ ಎಲ್ಲಿ ನಿಲ್ಲಿಸುತ್ತಿದ್ದೆವು? ಡೇರಿ ಬಾಗಿಲು ಹಾಕಲಿಲ್ಲ ಅನ್ನೋ ಹೆಮ್ಮೆಯಲ್ಲಿ ಆ ಬಯಲಿಗೂ ಪಾಲಿದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ರಸ್ತೆ ಕಡೆಗೆ ಎರಡು ಮಳಿಗೆ ಸಾಕು. ಉಳಿದದ್ದು ಬಯಲಾಗಿಯೇ ಇರಲಿ. ಈಗಿನ ಬಯಲಿನ ಸುತ್ತಳತೆ ಸುಮಾರು 370 ಅಡಿ. ಹದಿನಾಲ್ಕು ಸುತ್ತು ಹಾಕಿದರೆ ಹತ್ತಿರ ಹತ್ತಿರ ಒಂದು ಮೈಲಿ. ಮಳಿಗೆ ಕಟ್ಟಿದ ಮೇಲೆ ಸುತ್ತು ಒಂದೆರಡು ಹೆಚ್ಚಾದೀತು, ಅಷ್ಟೇ. ಅಂಚಿಗೆ ಮಣ್ಣು ಗಟ್ಟಿಸಿ ನಡೆಯುವ ದಾರಿ, ನಾಲ್ಕು ಹೊಂಗೆ ಗಿಡ, ಹಿರಿಯರು ಕೂರಲು ಎರಡು ಕಲ್ಲುಬೆಂಚು. ಇದಕ್ಕೆ ಸಂಘದ ಹಣ ಹೆಚ್ಚು ಬೇಡ, ನಾವು ನಾವೇ ಶ್ರಮದಾನ ಮಾಡಿದರೆ ಮುಗಿಯಿತು. ತೀರ್ಮಾನ ತಮ್ಮದು. ಸಹಕಾರ ಸಂಘದಲ್ಲಿ ಸದಸ್ಯನೇ ಮಾಲೀಕ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಆ ತುರ್ತುಸ್ಥಿತಿ ಮುಗಿಯಿತು ಅಂತ ಹೇಳಿತು. ಇನ್ನೊಂದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದಾಗ ನಮ್ಮ ಹಿರಿಯರು ಕುರ್ಚಿಯಲ್ಲಿ ಕರಗಬಾರದು. ಅಲ್ಲಿಯ ತನಕ, ಹತ್ತಿರದವರು ನಾಳೆ ಬೆಳಿಗ್ಗೆಯಿಂದಲೇ ಮೋಟಾರ್ ಸೈಕಲ್ಲು ಮನೆಯಲ್ಲಿ ಬಿಟ್ಟು ಕ್ಯಾನು ಹಿಡಿದು ನಡೆದು ಬನ್ನಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇವೆ. 

ಜೈ ಸಹಕಾರ.