ಉಂಡೆದ್ದ ನಮ್ಮ ಪಾಲೂ ಇದೆ

(ಜುಮಾ ಖುತ್ಬಾದ ಸಾರ)



ಈ ಸಲ ಎಪ್ರಿಲ್‌ನಲ್ಲೇ ಮಸೀದಿಯ ಬಾವಿ ತಳ ಕಂಡಿತು, ಟ್ಯಾಂಕರ್ ನೀರು ತರಿಸಬೇಕಾಯಿತು. ಆಗ ಒಂದು ದಿನ ಅಸರ್‌ಗೆ ಮುಂಚೆ ನಳ್ಳಿಯ ಕೆಳಗೆ ಬಕೆಟ್ ಇಟ್ಟು, ಎಂದಿನಂತೆಯೇ ವುಝೂ ಮಾಡಿ ನೋಡಿದೆವು. ಮುಗಿಸುವಾಗ ಬಕೆಟ್‌ನಲ್ಲಿ ಆರು ಲೀಟರ್ ನೀರಿತ್ತು.

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ನಾಲ್ಕರಿಂದ ಐದು ಮುದ್ದ್ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಅನಸ್(ರ) ಅವರಿಂದ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಮುದ್ದ್ ಅಂದರೆ ಎರಡು ಕೈಗಳ ಒಂದು ಬೊಗಸೆ. ಇಂದಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಲೀಟರ್, ಹನಫೀ ಲೆಕ್ಕದಲ್ಲಿ ತುಸು ಹೆಚ್ಚು. ಅವರ ಸ್ನಾನಕ್ಕೂ ಮಿಗುವಷ್ಟು ನೀರನ್ನು ನಾವು ಒಂದು ವುಝೂವಿಗೆ ಸುರಿದಿದ್ದೆವು. ಅದೂ ಇಮಾಮತ್‌ಗೆ ನಿಲ್ಲುವ ಮುಂಚೆ!

ಇಷ್ಟು ವರ್ಷ ಇದು ಯಾಕೆ ಕಣ್ಣಿಗೆ ಬೀಳಲಿಲ್ಲ? ವುಝೂ ಇಬಾದತ್ ಅಲ್ಲವೇ, ಅದರಲ್ಲಿ ದುಂದು ಎಲ್ಲಿಂದ ಬಂತು ಎಂದು ಮನಸ್ಸು ಸಮಾಧಾನ ಹೇಳಿತ್ತು. ಮದುವೆಯ ವಿಷಯದಲ್ಲೂ ನಮ್ಮ ಮನಸ್ಸು ಇದೇ ಮಾತು ಹೇಳುತ್ತದೆ: ನಿಕಾಹ್ ಸುನ್ನತ್, ಊಟ ಹಾಕುವುದು ಪುಣ್ಯ, ಖರ್ಚಾದರೆ ಆಗಲಿ.

ಕಳೆದ ರಮಝಾನಿನಲ್ಲಿ ಒಬ್ಬ ತಂದೆ ಝಕಾತ್ ಕೇಳಿಕೊಂಡು ಬಂದರು. ಸಾಲದಲ್ಲಿ ಮುಳುಗಿದವರಿಗೆ ಝಕಾತ್‌ನಲ್ಲಿ ಪಾಲಿದೆ. ಸೂರಃ ಅತ್ತೌಬಾದ 60ನೇ ಸೂಕ್ತದ ಎಂಟು ವರ್ಗಗಳಲ್ಲಿ ಅವರೂ ಸೇರಿದ್ದಾರೆ. ಯಾವ ಸಾಲವೆಂದು ವಿಚಾರಿಸಿದೆವು. ಮಗಳ ಮದುವೆಯ ಹಾಲ್, ಅಲಂಕಾರ, ಮದರಂಗಿ ರಾತ್ರಿಯ ಊಟ, ಮರುದಿನ ಮತ್ತೆ ಊಟ. ಬಡ್ಡಿಯ ಕಂತು ಬೇರೆ. ಪಾಪಕಾರ್ಯಕ್ಕಾಗಿ ಮಾಡಿದ ಸಾಲಕ್ಕೆ, ತೌಬಾ ಮಾಡದ ಹೊರತು, ಝಕಾತ್ ಇಲ್ಲವೆಂದು ಅನೇಕ ಫುಕಹಾಗಳು ಹೇಳಿದ್ದಾರೆ. ದುಂದಿನ ಸಾಲ ಆ ಸಾಲಿಗೆ ಬರುತ್ತದೆಯೇ ಎಂದು ಯೋಚಿಸುತ್ತಿದ್ದಂತೆ ನೆನಪಾಯಿತು: ಆ ಊಟಕ್ಕೆ ನಾವೂ ಹೋಗಿದ್ದೆವು. ದುಆ ಮಾಡಿದವರೂ ನಾವೇ. “ಮಾಶಾ ಅಲ್ಲಾಹ್, ವ್ಯವಸ್ಥೆ ಚೆನ್ನಾಗಿತ್ತು” ಎಂದು ಕೈ ಹಿಡಿದು ಹೇಳಿ ಬಂದವರೂ ನಾವೇ.

ಅವರು ತಲೆ ತಗ್ಗಿಸಿ ಹೇಳಿದರು: “ಉಸ್ತಾದರೇ, ಕಡಿಮೆ ಮಾಡಿದರೆ ಜಮಾಅತಿನವರು ಏನೆಂದುಕೊಳ್ಳುತ್ತಾರೋ ಎಂದು ಹೆದರಿದೆ.” ಆ ಜಮಾಅತಿನವರು ಯಾರು ಸಹೋದರರೇ? ಅವರಿಗೆ ಏನು ಕೊಡಲಾಯಿತು ಎಂಬುದು ಅವರ ಮಾನದ ವಿಷಯ, ಮಿಂಬರಿನಲ್ಲಿ ಹೇಳುವಂಥದ್ದಲ್ಲ.

ಖೈಬರ್‌ನಿಂದ ಮರಳುವ ದಾರಿಯಲ್ಲಿ ಪ್ರವಾದಿವರ್ಯರು(ಸ) ಸಫಿಯ್ಯಾ(ರ) ಅವರನ್ನು ವಿವಾಹವಾದರು. ಆ ವಲೀಮಾದಲ್ಲಿ ರೊಟ್ಟಿ, ಮಾಂಸ ಇರಲಿಲ್ಲ. ಚರ್ಮದ ಹಾಸು ಹಾಸಿ ಅದರ ಮೇಲೆ ಖರ್ಜೂರ, ಒಣಗಿಸಿದ ಗಿಣ್ಣು, ತುಪ್ಪ ಇಟ್ಟರು. ಝೈನಬ್(ರ) ಅವರ ವಲೀಮಾದಲ್ಲಿ ಕುರಿ ಕೊಯ್ದು ಜನರಿಗೆ ಹೊಟ್ಟೆ ತುಂಬ ಉಣಬಡಿಸಿದರು. ಇದ್ದಾಗ ಕುರಿ, ಇಲ್ಲದಾಗ ಖರ್ಜೂರ, ಎರಡೂ ವಲೀಮಾವೇ. ಅಂದಹಾಗೆ ವಲೀಮಾ ವರನ ಕಡೆಯ ಸುನ್ನತ್. ಹೆಣ್ಣಿನ ತಂದೆಯ ತಲೆಗೆ ಅದನ್ನು ಕಟ್ಟಿದವರು ನಾವು.

ಇನ್ನು ಎಲೆಯಲ್ಲಿ ಉಳಿಯುವ ಅನ್ನ. ಒಂದು ಕಿಲೋ ಅಕ್ಕಿ ಬೆಳೆಯಲು ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಮಸೀದಿಯಲ್ಲಿ ನಳ್ಳಿ ತಿರುಗಿಸಿ ಉಳಿಸಿದ ಒಂದು ವರ್ಷದ ನೀರು, ಹಾಲ್‌ನ ಹಿಂಬದಿಯ ಡ್ರಮ್ಮಿಗೆ ಸುರಿದ ಬಿರಿಯಾನಿಯಲ್ಲಿ ಒಂದೇ ಮಧ್ಯಾಹ್ನ ಹೋಗುತ್ತದೆ. ಕೈಯಿಂದ ಬಿದ್ದ ತುತ್ತನ್ನೂ ಎತ್ತಿ, ಕೊಳೆ ತೆಗೆದು ತಿನ್ನಬೇಕು, ಶೈತಾನನಿಗೆ ಬಿಡಬಾರದು ಎಂದು ಕಲಿಸಿದ ಪ್ರವಾದಿಯ ಉಮ್ಮತ್ ನಾವು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ನಮ್ಮ ಇಫ್ತಾರಿನಲ್ಲಿ ಈಗಲೂ ಕಾಣುತ್ತಿವೆ.

ಬುಖಾರಿ, ಮುಸ್ಲಿಮ್‌ನಲ್ಲಿ ಇನ್ನೊಂದು ಘಟನೆಯಿದೆ, ನಾವು ಅಷ್ಟಾಗಿ ಹೇಳುವುದಿಲ್ಲ. ಮೈಮೂನಾ(ರ) ಅವರ ಸೇವಕಿಗೆ ದಾನವಾಗಿ ಬಂದ ಕುರಿಯೊಂದು ಸತ್ತುಬಿದ್ದಿತ್ತು. ಅದರ ಚರ್ಮವನ್ನಾದರೂ ಯಾಕೆ ಬಳಸಲಿಲ್ಲ ಎಂದು ಪ್ರವಾದಿವರ್ಯರು(ಸ) ಕೇಳಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದರು. ನಿಷಿದ್ಧವಾಗಿರುವುದು ತಿನ್ನುವುದು ಮಾತ್ರ ಎಂದು ಅವರು ಉತ್ತರಿಸಿದರು. ಸತ್ತ ಕುರಿಯ ಚರ್ಮವೂ ವ್ಯರ್ಥವಾಗಬಾರದು! ನಮ್ಮ ಕಪಾಟಿನಲ್ಲಿ ಕಳೆದ ಈದ್‌ನ ಬಟ್ಟೆ ಮಡಿಕೆ ಬಿಚ್ಚದೆ ಇರುವಾಗ ಈ ಈದ್‌ಗೆ ಮತ್ತೆ ಮೂರು ಜೊತೆ. ಸರಳತೆಯೆಂದರೆ ಜಿಪುಣತನವಲ್ಲ, ಮಕ್ಕಳಿಗೆ ಒಂದು ಜೊತೆ ಚೆಂದದ ಬಟ್ಟೆ ಕೊಡಿಸಿ. ಸೂರಃ ಅಲ್ ಫುರ್ಕಾನ್‌ನಲ್ಲಿ ಅಲ್ಲಾಹನು ತನ್ನ ದಾಸರನ್ನು ಬಣ್ಣಿಸುವಾಗ ದುಂದನ್ನೂ ಜಿಪುಣತನವನ್ನೂ ಒಟ್ಟಿಗೇ ತಳ್ಳಿಹಾಕಿದ್ದಾನೆ.

ಜಮಾಅತ್ ಕಮಿಟಿಯೊಂದಿಗೆ ಮಾತಾಡಿದ್ದೇವೆ. ಮಸೀದಿಯ ವತಿಯಿಂದ ಮುನ್ನೂರು ಸ್ಟೀಲ್ ತಟ್ಟೆ, ಲೋಟ ಬರಲಿವೆ. ಬಾಡಿಗೆಯಿಲ್ಲ, ತೊಳೆದು ಹಿಂತಿರುಗಿಸಿದರೆ ಸಾಕು. ಶವ್ವಾಲ್‌ನಿಂದ ನಮ್ಮ ಮಹಲ್ಲಿನ ಮದುವೆಗಳಲ್ಲಿ ಒಂದು ಅನ್ನ, ಒಂದು ಸಾರು, ಒಂದು ಸಿಹಿ. ಮೊದಲು ಒಪ್ಪಿಕೊಂಡವರು ನಮ್ಮಲ್ಲಿ ಅನುಕೂಲಸ್ಥರಾದ ಇಬ್ಬರು. ಬಡವರಿಂದ ಶುರುಮಾಡಿದ್ದರೆ ಅವರಿಗೆ ಅವಮಾನವಾಗುತ್ತಿತ್ತು. ಆ ಮನೆಗಳಲ್ಲಿ ಉಂಡು ಹೊರಬರುವಾಗ ಊಟದ ಬಗ್ಗೆ ಯಾರೂ ಏನೂ ಹೇಳಬೇಡಿ. ವಧೂವರರಿಗೆ ಬರಕತ್‌ನ ದುಆ ಮಾಡಿ ಬನ್ನಿ.