ಓವನ್ ನಡುನಡುವೆ ಸುಮ್ಮನಾಗುವುದೇಕೆ?

ಮಕ್ಕಳೇ, ದೊಡ್ಡವರು ಮೈಕ್ರೋವೇವ್ ಓವನ್‌ನಲ್ಲಿ ಬೆಣ್ಣೆ ಕರಗಿಸುವಾಗ ಪಕ್ಕದಲ್ಲಿ ನಿಂತು ಕಿವಿಗೊಟ್ಟು ಕೇಳಿ. ಪವರ್ ಶೇ. 50ಕ್ಕೆ ಇಟ್ಟಿದ್ದರೆ ಗುಂಯ್ ಎನ್ನುವ ಸದ್ದು ಸ್ವಲ್ಪ ಹೊತ್ತು ಜೋರಾಗಿರುತ್ತದೆ, ಆಮೇಲೆ ತಗ್ಗುತ್ತದೆ, ಮತ್ತೆ ಜೋರಾಗುತ್ತದೆ. ಆದರೆ ಒಳಗಿನ ದೀಪ ಉರಿಯುತ್ತಲೇ ಇರುತ್ತದೆ, ತಟ್ಟೆ ತಿರುಗುತ್ತಲೇ ಇರುತ್ತದೆ. ಹಾಗಾದರೆ ನಿಂತು ನಿಂತು ನಡೆಯುತ್ತಿರುವುದು ಯಾವುದು?

ಮ್ಯಾಗ್ನೆಟ್ರಾನ್. ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಭಾಗ ಅದು. ಗ್ಯಾಸ್ ಒಲೆಯ ಉರಿಯ ಹಾಗೆ ಇದನ್ನು ಸಣ್ಣದು ಮಾಡಲು ಸಾಮಾನ್ಯ ಓವನ್‌ಗಳಲ್ಲಿ ಆಗುವುದಿಲ್ಲ. ಅಲೆ ಬಂದರೆ ಪೂರ್ತಿ ಬಲದಲ್ಲಿ ಬರುತ್ತದೆ, ಇಲ್ಲವೆಂದರೆ ಇಲ್ಲವೇ ಇಲ್ಲ. ಹಾಗಾಗಿ ಶೇ. 50 ಎಂದರೆ ಅರ್ಧ ಹೊತ್ತು ಕೆಲಸ, ಅರ್ಧ ಹೊತ್ತು ಬಿಡುವು. ಇನ್ವರ್ಟರ್ ಇರುವ ಓವನ್‌ಗಳು ಮಾತ್ರ ಅಲೆಯ ಬಲವನ್ನೇ ತಗ್ಗಿಸಬಲ್ಲವು.

ಬಿಡುವು ಯಾಕೆ ಬೇಕು? ಈ ಅಲೆಗಳು ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತವೆ. ನೀರಿನ ಅಣುವಿನ ಒಂದು ಬದಿಯಲ್ಲಿ ತುಸು ಧನ ವಿದ್ಯುತ್ತು, ಇನ್ನೊಂದು ಬದಿಯಲ್ಲಿ ತುಸು ಋಣ ವಿದ್ಯುತ್ತು ಇರುವುದರಿಂದ ಅಲೆ ದಿಕ್ಕು ಬದಲಿಸಿದಂತೆಲ್ಲ ಅಣುವೂ ತಿರುಗಲು ಹೊರಡುತ್ತದೆ. ಅಕ್ಕಪಕ್ಕದ ಅಣುಗಳಿಗೆ ತಾಗುತ್ತದೆ, ಅವನ್ನೂ ಅಲುಗಾಡಿಸುತ್ತದೆ. ಆ ನೂಕಾಟವೇ ಬಿಸಿ. ಆದರೆ ಅಲೆಗಳ ಬಹುಪಾಲು ತಿನಿಸಿನ ಹೊರಗಿನ ಎರಡು ಮೂರು ಸೆಂಟಿಮೀಟರಿನಲ್ಲೇ ಮುಗಿದುಹೋಗುತ್ತದೆ. ಅದರಾಚೆ ನಡುಭಾಗಕ್ಕೆ ಬಿಸಿ ತಾನೇ ನಿಧಾನವಾಗಿ ಹರಿದು ಹೋಗಬೇಕು. ಅದಕ್ಕೇ ಆ ಬಿಡುವು.

ಫ್ರೀಜರ್‌ನಲ್ಲಿ ಗಟ್ಟಿಯಾದ ಅವರೆಕಾಳಿನ ವಿಷಯ ಇನ್ನೂ ಸೋಜಿಗದ್ದು. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ, ತಿರುಗಲಾರವು. ಹಾಗಾಗಿ ಮಂಜುಗಡ್ಡೆ ಈ ಅಲೆಗಳನ್ನು ಹೀರುವುದು ಬಹಳ ಕಡಿಮೆ. ಎಲ್ಲೋ ಒಂದು ಮೂಲೆ ಕರಗಿ ನೀರಾಯಿತೆನ್ನಿ, ಆ ಮೂಲೆ ಅಲೆಗಳನ್ನು ಗಬಗಬನೆ ಹೀರತೊಡಗುತ್ತದೆ. ಪೂರ್ತಿ ಪವರ್ ಇಟ್ಟರೆ ಅಂಚಿನ ಕಾಳು ಬೆಂದುಹೋಗಿರುತ್ತದೆ, ನಡುವಿನದು ಇನ್ನೂ ಕಲ್ಲಿನಂತಿರುತ್ತದೆ! ಡಿಫ್ರಾಸ್ಟ್ ಗುಂಡಿ ಪವರನ್ನು ಸುಮಾರು ಶೇ. 30ಕ್ಕೆ ಇಳಿಸುವುದು ಇದೇ ಕಾರಣಕ್ಕೆ.

ಹಪ್ಪಳಕ್ಕೆ ಈ ತೊಂದರೆ ಇಲ್ಲ. ಅಷ್ಟು ತೆಳ್ಳಗಿರುವುದಕ್ಕೆ ಒಳಗೇನು, ಹೊರಗೇನು? ಪೂರ್ತಿ ಪವರ್ ಸಾಕು. ತಿಳಿಸಾರಿಗೂ ಅಷ್ಟೇ, ನಡುವೆ ಒಮ್ಮೆ ಸೌಟಿನಲ್ಲಿ ಕಲಕಿದರಾಯಿತು. ಹಾಲು ಉಕ್ಕಬಾರದೆಂದರೆ ನಡು ಪವರ್. ಬೆಣ್ಣೆ, ಚಾಕೊಲೇಟ್‌ಗಳಿಗೆ ಇನ್ನೂ ಕಡಿಮೆ, ಏಕೆಂದರೆ ಚಾಕೊಲೇಟ್ ಬೇಗ ಸೀದುಹೋಗುತ್ತದೆ. ಅಂದ ಹಾಗೆ, ಅಮೆರಿಕದಲ್ಲಿ ರೇಡಾರ್‌ಗಾಗಿ ಮ್ಯಾಗ್ನೆಟ್ರಾನ್ ತಯಾರಿಸುತ್ತಿದ್ದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರಿಗೆ ಈ ಅಡುಗೆಯ ದಾರಿ ಹೊಳೆದದ್ದೇ ಜೇಬಿನಲ್ಲಿದ್ದ ಚಾಕೊಲೇಟ್ ಕರಗಿದಾಗ ಎಂಬ ಕಥೆ ಪ್ರಸಿದ್ಧ. 1945ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು.

ಇನ್ನೊಂದು ಮಾತು. ಸಿಪ್ಪೆ ಇರುವ ಮೊಟ್ಟೆಯನ್ನು ಯಾವ ಪವರ್‌ನಲ್ಲೂ ಒಳಗಿಡಬೇಡಿ. ಹಬೆಗೆ ಹೊರಬರಲು ದಾರಿಯಿಲ್ಲದೆ ಅದು ಸಿಡಿಯುತ್ತದೆ. ಲೋಹದ ಪಾತ್ರೆಯೂ ಬೇಡ. ಓವನ್‌ನಿಂದ ಬಿಸಿ ಪಾತ್ರೆ ತೆಗೆಯುವ ಕೆಲಸವನ್ನು ಸದ್ಯಕ್ಕೆ ದೊಡ್ಡವರಿಗೇ ಬಿಡಿ.