ಬಾಜೂ ಕುಳಿತ ಗೆಳೆಯರು

(ಜಮಖಂಡಿಯ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಸರಕಾರಿ ಇಂಜಿನಿಯರರೊಬ್ಬರು ಆಡಿದ ಮಾತುಗಳ ಬರಹರೂಪ)

 

ಭಾಷಣ ನನ್ನ ಕಸುಬಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಇಂಜಿನಿಯರನಾಗಿ ಅಳತೆ, ಅಂದಾಜುಪಟ್ಟಿ, ಬಿಲ್ಲು ಬರೆದವನು. ದಾಸೋಹದ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದಾಗ ನನಗೆ ನೆನಪಾದದ್ದು ಮೂವರು ಗೆಳೆಯರು. ಮೂವರೂ ಕಣ್ಣು ಕಾಣದವರು, ನಮ್ಮ ಭಾಗದಲ್ಲಿ ಅಂಧರ ಹಕ್ಕಿಗಾಗಿ ಓಡಾಡಿದವರು. ಒಬ್ಬರು ಮುಧೋಳದ ಸಂಗೀತ ಮಾಸ್ತರು. ಒಬ್ಬರು ಬನಹಟ್ಟಿಯಲ್ಲಿ ಕಂಡಿಕೆ ಸುತ್ತುವವರು. ಇನ್ನೊಬ್ಬರು ಬೀಳಗಿ ತಾಲೂಕಿನ ಮುಳುಗಡೆ ಊರಿನ ರೈತರು. ಹೆಸರು ಹೇಳಬೇಡಿ ಎಂದಿದ್ದರು, ಹೇಳುವುದಿಲ್ಲ.

ಮಾಸ್ತರು ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರೇ. ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟ ಜಾಗ ಅದು. ಆದರೆ ಮಾಸ್ತರು ಅಷ್ಟಕ್ಕೇ ನಿಲ್ಲಲಿಲ್ಲ. ‘ಆಶ್ರಮ ನನಗ ಹಾಡು ಕೊಟ್ಟಿತು. ನೌಕರಿ, ರಸ್ತೆ, ಬಸ್ಸು ಸರಕಾರ ಕೊಡಬೇಕಲ್ರಿ’ ಎನ್ನುತ್ತಿದ್ದರು. ಅಂಗವಿಕಲರ ಕಾಯ್ದೆ 1995ರಲ್ಲಿ ಆಯಿತು, ಮುಂದಿನ ವರ್ಷ ಜಾರಿಗೆ ಬಂತು. ಆಗಲೇ ಅವರು ಅರ್ಜಿ ಬರೆಸಲು ನನ್ನ ಹತ್ತಿರ ಬಂದರು. ನಾನು ಅವರ ಗುಂಪಿನ ಬರಹಗಾರನಾದೆ.

ಒಂದು ದಿನ ಎಲ್ಲರೂ ಒಬ್ಬ ಅಧಿಕಾರಿಯ ಮುಂದೆ ಹೋದೆವು. ಅಧಿಕಾರಿ ನನ್ನನ್ನೇ ನೋಡಿ ಕೇಳಿದರು, ನಾನೇ ಉತ್ತರ ಕೊಟ್ಟೆ. ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದೆ ಎಂದುಕೊಂಡೆ. ಹೊರಗೆ ಬಂದ ಮೇಲೆ ಚಹಾದಂಗಡಿಯಲ್ಲಿ ಮಾಸ್ತರು ಹೇಳಿದರು: ‘ಸಾಹೇಬ್ರ, ನಮಗ ಕಣ್ಣಿಲ್ರಿ, ಬಾಯಿ ಐತಿ. ನಮ್ಮ ಮುಂದ ನಿಂದರಬ್ಯಾಡ್ರಿ, ಬಾಜೂ ಕೂಡ್ರಿ.’ ನನಗೆ ಸಿಟ್ಟು ಬಂತು. ರಜೆ ಹಾಕಿ ಬಂದವನು ನಾನು! ಎರಡು ತಿಂಗಳು ಅವರ ಕಡೆ ಹೋಗಲಿಲ್ಲ. ಕೊನೆಗೆ ಬನಹಟ್ಟಿಯವರೇ ಬಸ್ಸು ಹತ್ತಿ ಮನೆಗೆ ಬಂದರು. ‘ಜಗಳ ಮುಗೀತೇನ್ರಿ ಅಣ್ಣಾರ?’ ಎಂದರು. ಅಂದಿನಿಂದ ನಾನು ಸಾಹೇಬ ಹೋಗಿ ಅಣ್ಣನಾದೆ.

ಇನ್ನು ಬೀಳಗಿಯವರ ಮಾತು. ಇದು ನನ್ನದೇ ತಪ್ಪಿನ ಕಥೆ. ಆಲಮಟ್ಟಿ ಜಲಾಶಯದ ನೀರಿನ ಮಟ್ಟ 519.6 ಮೀಟರ್. ಅಷ್ಟು ನೀರು ನಿಂತರೆ ಎಷ್ಟು ಊರು ಏಳಬೇಕು ಎಂಬುದು ನಿಮಗೆ ಗೊತ್ತು, ನಿಮ್ಮಲ್ಲಿ ಅನೇಕರು ಎದ್ದು ಬಂದವರೇ. ಒಂದು ಪುನರ್ವಸತಿ ಕೇಂದ್ರದ ನಕ್ಷೆಯಲ್ಲಿ ನನ್ನ ಕೈಯೂ ಇತ್ತು. ರಸ್ತೆ ನೇರ, ಅಡ್ಡರಸ್ತೆ ನೇರ, ನಿವೇಶನವೆಲ್ಲ ಒಂದೇ ಅಳತೆ. ಕಾಗದದ ಮೇಲೆ ಬಲು ಚೆಂದ. ಅಲ್ಲಿಗೆ ಬಂದ ಈ ರೈತರು ಒಂದು ಸಂಜೆ ನನಗೆ ಹೇಳಿದರು: ‘ಹಳೇ ಊರಾಗ ನಾ ಕುರುಡ ಆಗಿರಲಿಲ್ರಿ ಅಣ್ಣಾರ. ಇಲ್ಲಿ ಬಂದ ಮ್ಯಾಲ ಆಗೇನಿ.’

ಹಳೆಯ ಊರಿನಲ್ಲಿ ಗಿರಣಿಯ ಸಪ್ಪಳ ಕೇಳಿದರೆ ಎಡಕ್ಕೆ, ಕುಲುಮೆಯ ಕಾವು ಮುಖಕ್ಕೆ ತಾಗಿದರೆ ಬಲಕ್ಕೆ, ಬೇವಿನ ನೆರಳು ತಂಪಾದರೆ ಮನೆ. ಕಾಲ ಕೆಳಗೆ ಇಳಿಜಾರು ಸಿಕ್ಕರೆ ಹೊಳೆಯ ದಾರಿ. ಹೊಸ ಊರಿನಲ್ಲಿ ಎಲ್ಲ ಮೂಲೆಯೂ ಒಂದೇ. ಅವರು ನೆರೆಯವರ ಮನೆಗೆ ತಪ್ಪಿ ಹೋಗಿ, ನಾಚಿ, ಹೊರಗೆ ಬರುವುದನ್ನೇ ಬಿಟ್ಟಿದ್ದರು. ಮನೆಗೆ ಪರಿಹಾರ ಲೆಕ್ಕ ಹಾಕಿದ್ದೆವು, ಮರಕ್ಕೂ ಹಾಕಿದ್ದೆವು. ಮರದ ನೆರಳಿಗೆ ಯಾವ ಕಲಮಿನಲ್ಲೂ ಲೆಕ್ಕವಿರಲಿಲ್ಲ.

ಉಪಾಯ ಕೊಟ್ಟವರು ಬನಹಟ್ಟಿಯವರು. ‘ನೂಲು ಕಡದ್ರ ಗಂಟ ಹಾಕತೀವ್ರಿ. ಗಂಟ ಬೆರಳಿಗೆ ಹತ್ತತೈತಿ. ದಾರ್ಯಾಗೂ ಗಂಟ ಹಾಕ್ರಿ.’ ಅವರ ಮನೆಯಿಂದ ಬಸ್ ನಿಲ್ಲುವ ಜಾಗದ ತನಕ ತಿರುವಿಗೊಂದು ಸಾಲು ಒರಟು ಕಲ್ಲು ಮುರುಮಿನಲ್ಲಿ ಹುಗಿದೆವು. ನಾಲ್ಕು ಭಾನುವಾರದ ಕೆಲಸ. ಮೊದಲ ಸಾಲನ್ನು ನಾನು ಎತ್ತರವಾಗಿ ಇಟ್ಟೆ, ಅವರು ಎಡವಿದರು. ‘ಎಡವೋ ಕಲ್ಲ ಬ್ಯಾಡ್ರಿ, ಹೇಳೋ ಕಲ್ಲ ಇಡ್ರಿ’ ಎಂದು ನಕ್ಕರು. ಎಷ್ಟು ಎತ್ತರ ಎಂಬುದನ್ನು ನನ್ನ ಟೇಪು ಹೇಳಲಿಲ್ಲ, ಅವರ ಪಾದ ಹೇಳಿತು. ಇಲ್ಲೇ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಸ್ವಂತ ಹಣ, ಸ್ವಂತ ದುಡಿಮೆಯಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನಾಡು ನಮ್ಮದು. ಅದರ ಮುಂದೆ ನಮ್ಮ ಕಲ್ಲಿನ ಸಾಲು ಏನೂ ಅಲ್ಲ. ಆದರೆ ಮುಂದಿನ ಸೋಮವಾರ ಅವರೊಬ್ಬರೇ ಬಸ್ಸಿಗೆ ಬಂದು ನಿಂತಿದ್ದರು.

ರೈಲು ನಿಲ್ದಾಣದಲ್ಲಿ ಹಳದಿ ಬಣ್ಣದ ಉಬ್ಬು ಫರಸಿ ನೀವು ನೋಡಿರಬೇಕು. ಅದನ್ನು ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ, 1965ರಲ್ಲಿ. ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮಾ ಪಟ್ಟಣದಲ್ಲಿ. ಕಣ್ಣು ಮಂದವಾಗುತ್ತಿದ್ದ ಒಬ್ಬ ಗೆಳೆಯನಿಗಾಗಿ ಅವರು ಅದನ್ನು ಯೋಚಿಸಿದರಂತೆ. ಇದನ್ನು ಓದಿದ ದಿನ ನಾನು ಮೂವರಿಗೂ ಫೋನ್ ಮಾಡಿ ಹೇಳಿದೆ.

ದೊಡ್ಡ ಕೆಲಸಗಳ ಬುಡದಲ್ಲೂ ಇಂಥ ಗೆಳೆತನವೇ ಇರುತ್ತದೆ. ನಮ್ಮ ಬೆಳಗಾವಿ ಸೀಮೆಯ ಮಹಾಂತೇಶ ಕಿವಡಸಣ್ಣವರ ಮತ್ತು ಅವರ ಗೆಳೆಯ ಎಸ್.ಪಿ. ನಾಗೇಶ್, ಇಬ್ಬರೂ ಅಂಧರು, 1997ರಲ್ಲಿ ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆ ಕಟ್ಟಿದರು. ನಾಗೇಶ್ ಈಗಿಲ್ಲ, ಸಂಸ್ಥೆ ನಡೆದಿದೆ. ಅಂಧರ ಮೊದಲ ಟಿ-20 ವಿಶ್ವಕಪ್ 2012ರಲ್ಲಿ ಬೆಂಗಳೂರಿನಲ್ಲೇ ಆಯಿತು, ಭಾರತವೇ ಗೆದ್ದಿತು. ಇನ್ನು 1995ರ ಕಾಯ್ದೆ ಸರಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಶೇ. 3 ಮೀಸಲು ಎಂದಿತ್ತು, ಅದರಲ್ಲಿ ಶೇ. 1 ಅಂಧರಿಗೆ, ಮಂದದೃಷ್ಟಿಯವರಿಗೆ. ಆ ಲೆಕ್ಕ ಒಟ್ಟು ಹುದ್ದೆಗಳ ಮೇಲೆ ಆಗಬೇಕು ಎಂಬ ತೀರ್ಪನ್ನು ರಾಷ್ಟ್ರೀಯ ಅಂಧರ ಒಕ್ಕೂಟ ಸುಪ್ರೀಂ ಕೋರ್ಟಿನಲ್ಲಿ ಪಡೆದದ್ದು 2013ರ ಅಕ್ಟೋಬರ್ 8ರಂದು. ಕಾಯ್ದೆ ಬಂದ ಹದಿನೆಂಟು ವರ್ಷಕ್ಕೆ! ಅಷ್ಟು ವರ್ಷ ಒಬ್ಬರನ್ನೊಬ್ಬರು ಬಿಡದೆ ಕೂಡಿ ನಡೆಯುವುದು ಬರೀ ಕರುಣೆಯಿಂದ ಆಗುವ ಮಾತಲ್ಲ.

ಬೀಳಗಿಯ ಗೆಳೆಯರು ಲಿಂಗೈಕ್ಯರಾಗಿ ನಾಲ್ಕು ವರ್ಷ. ಆಮೇಲೆ ಆ ರಸ್ತೆಗೆ ಕಾಂಕ್ರೀಟ್ ಬಂತು, ನಮ್ಮ ಕಲ್ಲುಗಳು ಅದರಡಿ ಹೋದವು. ಹೋಗಲಿ ಬಿಡಿ ಎಂದೆ. ಮಾಸ್ತರು ಬಿಡಲಿಲ್ಲ. ಅದೇ ಓಣಿಯಲ್ಲಿ ಕಣ್ಣು ಮಂದವಾದ ಒಬ್ಬ ಹುಡುಗಿ ಶಾಲೆಗೆ ಹೋಗುತ್ತಾಳೆ. ಉಬ್ಬು ಫರಸಿ ಹಾಸಿಕೊಡಿ ಎಂದು ಅರ್ಜಿ ಕೊಟ್ಟಿದ್ದೇವೆ. ಮಾತಾಡಿದವರು ಮಾಸ್ತರು, ನಾನು ಬಾಜೂ ಕುಳಿತಿದ್ದೆ. ಅರ್ಜಿಗೆ ಉತ್ತರ ಬಂದಿಲ್ಲ. ಮುಂದಿನ ಸೋಮವಾರ ಮತ್ತೆ ಹೋಗುತ್ತೇವೆ.

ನಿಮ್ಮಲ್ಲಿ ನನ್ನ ಬೇಡಿಕೆ ಮೂರು. ಅಂಧರನ್ನು ಕಂಡರೆ ರಟ್ಟೆ ಹಿಡಿದು ಎಳೆಯಬೇಡಿ, ಕೇಳಿ, ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿಯುತ್ತಾರೆ. ಕಾಲೇಜು ಓದುವ ಮಕ್ಕಳು ಪರೀಕ್ಷೆಯಲ್ಲಿ ಅವರಿಗೆ ಬರಹಗಾರರಾಗಿ ಕೂಡ್ರಲಿ. ಮಠದ ಮೆಟ್ಟಿಲಿಗೆ ಒಂದು ಕೈಪಟ್ಟಿ ಹಾಕಿಸೋಣ, ಎಲ್ಲಿ ಹಾಕಬೇಕೆಂದು ಅವರನ್ನೇ ಕರೆದು ಕೇಳೋಣ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂದಾದರೆ ಅದು ದಾನ. ಇಬ್ಬರೂ ಒಂದೇ ಸಾಲಿನಲ್ಲಿ ಕೂತರೆ ದಾಸೋಹ. ಬರುವ ಸೋಮವಾರ ನಮ್ಮ ಜೊತೆ ಬರುವವರು ಬೆಳಿಗ್ಗೆ ಜಮಖಂಡಿ ಬಸ್ ನಿಲ್ದಾಣಕ್ಕೆ ಬನ್ನಿ. ಮಾಸ್ತರು ನಿಮಗಿಂತ ಮೊದಲೇ ಬಂದಿರುತ್ತಾರೆ.